ದುಡಿಮೆಯ ಬೂಟು ಬಾಳುವ ಬಗೆ

ತಲೆಯ ಮೇಲಿನ ಪೇಟಕ್ಕೆ ಸಲ್ಲುವ ಮರ್ಯಾದೆ ಕಾಲಿನ ಕೆರಕ್ಕೆ ಸಲ್ಲುವುದಿಲ್ಲ. ಪೇಟವನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತೇವೆ. ಕೆರವನ್ನು ಬಾಗಿಲ ಹೊರಗೆ ಎಲ್ಲಿಯಾದರೂ ಬಿಟ್ಟು ಬರುತ್ತೇವೆ. ಆದರೆ ಕಾರ್ಖಾನೆಯಲ್ಲಿಯೋ ಹಡಗುಕಟ್ಟೆಯಲ್ಲಿಯೋ ಕಟ್ಟಡದ ಕೆಲಸದಲ್ಲಿಯೋ ದುಡಿಯುವವನಿಗೆ ಪೇಟವಿಲ್ಲದೆ ವರ್ಷ ಕಳೆದೀತು. ಗಟ್ಟಿಯಾದ ಬೂಟಿಲ್ಲದೆ ಒಂದು ದಿನ ಕಳೆಯುವುದೂ ಕಷ್ಟ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಯ ಬಾಗಿಲಲ್ಲಿ ಅಂತಹ ಒಂದು ಜೊತೆ ಬೂಟು ಇರುತ್ತದೆ. ಅದರ ಆರೈಕೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಈ ಪಾಠವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಆಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ನಮ್ಮ ತಂದೆಯವರು ಮುಂಬಯಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರರಾಗಿದ್ದರು. ಜುಲೈ ತಿಂಗಳ ಒಂದು ರಾತ್ರಿ ಅವರು ಮೊಣಕಾಲುದ್ದದ ನೀರಿನಲ್ಲಿ ನಡೆದು ಚಾಳಿಗೆ ಬಂದರು. ಹೊಸ ಬೂಟುಗಳು ನೆನೆದು ತೊಪ್ಪೆಯಾಗಿದ್ದವು. ಅವರು ಮಲಗಿದ ಮೇಲೆ, ಬೆಳಗಾಗುವಷ್ಟರಲ್ಲಿ ಒಣಗಿಸಿ ಅವರನ್ನು ಸಂತೋಷಪಡಿಸಬೇಕೆಂದು ನಾನು ಅವನ್ನು ಉರಿಯುವ ಒಲೆಯ ಮಗ್ಗುಲಿಗಿಟ್ಟೆ. ಬೆಳಿಗ್ಗೆ ಅವು ಕಟ್ಟಿಗೆಯಂತೆ ಬಿರುಸಾಗಿದ್ದವು. ವಾರ ಕಳೆಯುವುದರೊಳಗೆ ಬೆರಳು ಮಡಿಯುವ ಜಾಗದಲ್ಲಿ ಚರ್ಮ ಅಡ್ಡಲಾಗಿ ಬಿರಿಯಿತು. ತಂದೆಯವರು ನನಗೊಂದು ಮಾತೂ ಅನ್ನಲಿಲ್ಲ; ಮುಂದಿನ ಪಗಾರದ ತನಕ ಆ ಬಿರುಕು ಬೂಟುಗಳಲ್ಲಿಯೇ ಕೆಲಸಕ್ಕೆ ಹೋದರು. ತೇಪೆ ಹಾಕಿದ ಮೋಚಿಯಜ್ಜ ಮಾತ್ರ ಬೂಟನ್ನು ತಿರುಗಿಸಿ ನೋಡಿ, "ಇದು ಕೆಲಸದಿಂದ ಹರಿದದ್ದಲ್ಲ, ಬೆಂಕಿಯಿಂದ ಹರಿದದ್ದು" ಎಂದ. ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಚರ್ಮವೆಂಬುದು ಬಟ್ಟೆಯಂತೆ ನೂಲಿನಿಂದ ನೇಯ್ದದ್ದಲ್ಲವಾದರೂ ಅದರಲ್ಲಿಯೂ ಒಂದು ನೇಯ್ಗೆಯಿದೆ. ಕೊಲಾಜನ್ ಎಂಬ ಪ್ರೋಟೀನಿನ ಅತಿ ಸೂಕ್ಷ್ಮವಾದ ಎಳೆಗಳು ಅದರಲ್ಲಿ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಹಸಿಯ ತೊಗಲು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಪ್ಪಳದಂತಾಗುತ್ತದೆ. ಅದಕ್ಕೇ ಅದನ್ನು ಹದ ಮಾಡುತ್ತಾರೆ. ನಮ್ಮ ಹಿರಿಯರು ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಮೊದಲಾದವುಗಳ ಒಗರಿನಲ್ಲಿ ಹದ ಮಾಡುತ್ತಿದ್ದರು. ಇಂದಿನ ಬೂಟುಗಳ ಮೇಲುಚರ್ಮವನ್ನು ಹೆಚ್ಚಾಗಿ ಕ್ರೋಮಿಯಂ ಲವಣದಿಂದ ಹದಗೊಳಿಸುತ್ತಾರೆ. ಹದವಾದ ಮೇಲೆ ಎಳೆಗಳ ನಡುವೆ ಎಣ್ಣೆಯ ಅಂಶವನ್ನು ಸೇರಿಸುತ್ತಾರೆ. ಆ ಎಣ್ಣೆಯಿಂದಾಗಿ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಬೂಟು ಪಾದದೊಡನೆ ಬಾಗುತ್ತದೆ. ಬೂಟಿನ ಆರೈಕೆ ಎಂದರೆ ಈ ಹದವನ್ನು ಕೆಡದಂತೆ ಕಾಯ್ದುಕೊಳ್ಳುವುದು, ಅಷ್ಟೆ.

ಹದವನ್ನು ಕೆಡಿಸುವವರಲ್ಲಿ ಮೊದಲನೆಯದು ಬೆಂಕಿ. ಒಣಗಿದ ಚರ್ಮ ತಾಳುವ ಬಿಸಿಯನ್ನು ಒದ್ದೆಯ ಚರ್ಮ ತಾಳಲಾರದು. ಅದರ ಎಳೆಗಳು ಮುದುಡಿಕೊಂಡು ಒಂದಕ್ಕೊಂದು ಅಂಟಿದರೆ ಮತ್ತೆ ಮೊದಲಿನಂತೆ ಬಿಡಿಸಿಕೊಳ್ಳುವುದಿಲ್ಲ. ಅಟ್ಟೆಯ ಅಂಟೂ ಬಿಸಿಗೆ ಸಡಿಲವಾಗುತ್ತದೆ. ಆದುದರಿಂದ ನೆನೆದ ಬೂಟನ್ನು ಒಲೆಯ ಬಳಿಯಾಗಲಿ ಸುಡುವ ಬಿಸಿಲಿನಲ್ಲಾಗಲಿ ಇಡಕೂಡದು. ಲಾಡಿಗಳನ್ನು ಸಡಿಲಿಸಿ, ಒಳಗಿನ ತೆಳು ಅಟ್ಟೆಯನ್ನು ಹೊರತೆಗೆದು, ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ಒಳಗೆ ತುಂಬಬೇಕು. ಕಾಗದ ನೀರನ್ನು ಹೀರುತ್ತದೆ, ಒದ್ದೆಯಾದಂತೆ ಬದಲಿಸಬೇಕು. ಅಟ್ಟೆಗೂ ಗಾಳಿಯಾಡುವಂತೆ ಬೂಟನ್ನು ಮಗ್ಗುಲಾಗಿ ಮಲಗಿಸಿ, ನೆರಳಿನಲ್ಲಿ, ಸಾಧ್ಯವಾದರೆ ಪಂಖದ ಗಾಳಿಯಲ್ಲಿ ಇಡಬೇಕು. ಒಂದು ರಾತ್ರಿಯಲ್ಲಿ ಒಣಗದಿದ್ದರೆ ಅವಸರ ಬೇಡ.

ಎರಡನೆಯದು ಬೆವರು. ಹೊರಗಿನ ಮಳೆಗಿಂತ ಒಳಗಿನ ಬೆವರು ದಿನನಿತ್ಯದ ಶತ್ರು. ದಿನವಿಡೀ ಮುಚ್ಚಿದ ಬೂಟಿನೊಳಗೆ ಪಾದದ ಬೆವರು ಇಂಗುತ್ತದೆ. ಅದರ ಉಪ್ಪು ಚರ್ಮದಲ್ಲಿ ಉಳಿದು ಬಿಳಿಯ ಗೆರೆಗಳಾಗಿ ಮೂಡುವುದೂ ಉಂಟು. ಎರಡು ಜೊತೆಗಳನ್ನು ದಿನ ಬಿಟ್ಟು ದಿನ ಮೆಟ್ಟಿದರೆ ಪ್ರತಿಯೊಂದಕ್ಕೂ ಒಣಗಲು ಸಮಯ ಸಿಗುತ್ತದೆ, ಎರಡರ ಆಯುಷ್ಯವೂ ಬೆಳೆಯುತ್ತದೆ. ಎರಡು ಜೊತೆ ಕೊಳ್ಳುವುದು ಎಲ್ಲ ಮನೆಗೂ ಸಾಧ್ಯವಾಗದ ಮಾತು. ಅಂತಹ ಮನೆಯಲ್ಲಿ ಒಳ ಅಟ್ಟೆಯನ್ನು ಪ್ರತಿ ರಾತ್ರಿ ತೆಗೆದು ಆರಿಸುವುದೂ, ಕಾಲುಚೀಲವನ್ನು ಪ್ರತಿ ದಿನ ಬದಲಿಸುವುದೂ ಅರ್ಧ ಕೆಲಸ ಮಾಡುತ್ತವೆ.

ಮೂರನೆಯದು ಧೂಳು. ಮಡಿಕೆಗಳಲ್ಲಿಯೂ ಹೊಲಿಗೆಯಲ್ಲಿಯೂ ಸೇರಿದ ಮರಳಿನ ಕಣಗಳು ಹೆಜ್ಜೆಹೆಜ್ಜೆಗೂ ಉಜ್ಜುಕಾಗದದಂತೆ ಚರ್ಮವನ್ನೂ ದಾರವನ್ನೂ ಸವೆಸುತ್ತವೆ. ಮನೆಗೆ ಬಂದೊಡನೆ ಒಂದು ನಿಮಿಷ ಬ್ರಷ್ಷಿನಿಂದ ಕೊಡವಿದರೆ ಸಾಕು. ಸಿಮೆಂಟು ತಾಗಿದ್ದರೆ ಅದೇ ದಿನ ಒರೆಸಬೇಕು, ಏಕೆಂದರೆ ಅದರ ಕ್ಷಾರಗುಣ ಚರ್ಮವನ್ನು ಒಣಗಿಸಿ ಬಿರಿಯಿಸುತ್ತದೆ.

ವರ್ಷಕ್ಕೆ ಸರಾಸರಿ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮುಂಬಯಿಯಲ್ಲಿ ಬೂಷ್ಟಿನ ಕಾಟವೂ ಸೇರುತ್ತದೆ. ಬೂಷ್ಟು ಹಿಡಿದ ಬೂಟನ್ನು ಮನೆಯ ಹೊರಗೆ ಒರೆಸಿ, ವಿನಿಗರಿಗೆ ಅಷ್ಟೇ ನೀರು ಬೆರೆಸಿ ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಗಾಳಿಗಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ.

ಇನ್ನು ಎಣ್ಣೆಯ ವಿಚಾರ. ನೀರೂ ಬಳಕೆಯೂ ಚರ್ಮದೊಳಗಿನ ಎಣ್ಣೆಯನ್ನು ಮೆಲ್ಲಗೆ ಕಳೆಯುತ್ತವೆ. ಬೂಟು ಒಣಗಿ ಮಂಕಾಗಿ ಕಂಡಾಗ, ಚರ್ಮಕ್ಕೆಂದೇ ತಯಾರಾದ ಎಣ್ಣೆಯನ್ನೋ ಜೇನುಮೇಣದ ಲೇಪವನ್ನೋ ಬಟ್ಟೆಯ ತುದಿಯಿಂದ ತೆಳ್ಳಗೆ ಸವರಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒರೆಸಬೇಕು. ಹೆಚ್ಚಾದರೆ ಚರ್ಮ ಮೆತ್ತಗಾಗಿ ಆಕಾರ ಕೆಡುತ್ತದೆ. ಅಡುಗೆಯ ಎಣ್ಣೆ ಬೇಡ. ಅದು ಕಾಲಕ್ರಮದಲ್ಲಿ ಕಮಟಾಗಿ ಜಿಗುಟು ಹಿಡಿದು ಧೂಳನ್ನು ಸೆಳೆಯುತ್ತದೆ. ಪಾಲಿಷು ಮೇಲ್ಮೈಗೆ ಹೊಳಪನ್ನೂ ನೀರಿನಿಂದ ಅಲ್ಪ ರಕ್ಷಣೆಯನ್ನೂ ಕೊಡುತ್ತದೆ. ಆದರೆ ಒಳಗಿನ ಹಸಿವನ್ನು ಹೊಳಪು ತಣಿಸದು.

ಅಟ್ಟೆಯನ್ನು ಆಗಾಗ ತಿರುಗಿಸಿ ನೋಡಬೇಕು. ಹಿಮ್ಮಡಿ ಒಂದು ಮಗ್ಗುಲಿಗೆ ಸವೆಯತೊಡಗಿದಾಗಲೇ ಮೋಚಿಯ ಬಳಿಗೆ ಒಯ್ದರೆ ಅಲ್ಪ ಖರ್ಚಿನಲ್ಲಿ ಮುಗಿಯುತ್ತದೆ. ಮೇಲುಚರ್ಮದ ಸುತ್ತ ಒಂದು ಚರ್ಮದ ಪಟ್ಟಿಯನ್ನು ಹೊಲಿದು, ಆ ಪಟ್ಟಿಗೆ ಅಟ್ಟೆಯನ್ನು ಹೊಲಿದ ಬೂಟುಗಳಿಗೆ ಮೇಲಿನ ಭಾಗ ಕೆಡದಂತೆ ಹೊಸ ಅಟ್ಟೆ ಹಾಕಿಸಬಹುದು. ಕೊಳ್ಳುವಾಗ ಬೆಲೆ ಹೆಚ್ಚಾದರೂ ಅವು ಬಹುಕಾಲ ಬರುತ್ತವೆ. ಇಂದು ಸಾಮಾನ್ಯವಾಗಿರುವ ಪಾಲಿಯುರಿಥೇನ್ ಅಟ್ಟೆಯ ಗುಣ ಬೇರೆ. ಗಾಳಿಯ ತೇವದಿಂದಲೇ ಅದು ವರ್ಷಗಳು ಕಳೆದಂತೆ ಶಿಥಿಲವಾಗಿ, ಮೆಟ್ಟದೆ ಇಟ್ಟಿದ್ದರೂ ಪುಡಿಯಾಗುತ್ತದೆ. ಆದುದರಿಂದ ಅಂತಹ ಬೂಟನ್ನು ಮುಂದಕ್ಕೆಂದು ವರ್ಷಗಟ್ಟಲೆ ಜೋಪಾನ ಮಾಡುವುದು ಉಳಿತಾಯವಲ್ಲ.

ಕೊನೆಯದಾಗಿ, ಆರೈಕೆಗೂ ಒಂದು ಮೇರೆಯಿದೆ. ಕಾರ್ಖಾನೆಯ ಸುರಕ್ಷಾ ಬೂಟಿನ ಬೆರಳ ಭಾಗದಲ್ಲಿ ಉಕ್ಕಿನ ಟೊಪ್ಪಿಗೆ ಇರುತ್ತದೆ. ಅದು 200 ಜೂಲ್ ಪೆಟ್ಟನ್ನು, ಎಂದರೆ ಸುಮಾರು 20 ಕಿಲೋಗ್ರಾಂ ತೂಕ 1 ಮೀಟರ್ ಎತ್ತರದಿಂದ ಬಿದ್ದ ಪೆಟ್ಟನ್ನು ತಡೆಯುವಂತೆ ಪರೀಕ್ಷಿತವಾಗಿರುತ್ತದೆ. ಒಮ್ಮೆ ಅಂತಹ ಭಾರಿ ಪೆಟ್ಟು ಬಿದ್ದ ಮೇಲೆ, ಚರ್ಮ ಎಷ್ಟೇ ಹೊಳೆಯುತ್ತಿರಲಿ, ಆ ಬೂಟನ್ನು ಬದಲಿಸಬೇಕು. ಅದು ತನ್ನ ಕೆಲಸವನ್ನು ಮುಗಿಸಿದೆ. ಬೂಟನ್ನು ಉಳಿಸುವುದು ಕಾಲನ್ನು ಉಳಿಸುವುದಕ್ಕಾಗಿಯೇ ಹೊರತು ಕಾಲಿಗಿಂತ ಬೂಟು ದೊಡ್ಡದಲ್ಲ.

ಬಾಲಮಿತ್ರರೇ, ವಾರಕ್ಕೊಮ್ಮೆ ಕಾಲು ಗಂಟೆ ಈ ಕೆಲಸಕ್ಕೆ ಸಾಕು. ಒಂದು ಬ್ರಷ್ಷು, ಒಂದು ಹಳೆಯ ಬಟ್ಟೆ, ಒಂದಿಷ್ಟು ಹಳೆಯ ಕಾಗದ ಇದ್ದರೆ ಆಯಿತು. ಈ ಶನಿವಾರ ಸಂಜೆ ನಿಮ್ಮ ತಂದೆಯವರ ಬೂಟನ್ನು ಕೈಗೆತ್ತಿಕೊಳ್ಳಿರಿ. ಅದರ ಸವೆದ ಹಿಮ್ಮಡಿ, ಎಣ್ಣೆಯ ಕಲೆ, ಬಿಸಿ ಕಬ್ಬಿಣ ತಾಗಿದ ಗುರುತುಗಳನ್ನು ನೋಡಿದಾಗ, ನಿಮ್ಮ ಪುಸ್ತಕದ ಹಣ ಎಲ್ಲಿಂದ ಬಂತೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಒಲೆಯಿಂದ ಮಾತ್ರ ದೂರವಿಡಿರಿ.