ಎಲ್ಲರ ಕೈಗೂ ಎಟುಕುವ ಆಟ

ವಿಡಿಯೊ ಗೇಮ್ ಎಂದರೆ ಆಡುವವರಿಗೂ ಯಂತ್ರಕ್ಕೂ ನಡುವೆ ಬಿಡುವಿಲ್ಲದೆ ನಡೆಯುವ ಮಾತುಕತೆ. ತೆರೆಯ ಮೇಲೆ ಏನಾಗುತ್ತಿದೆ ಎಂಬುದನ್ನು ಯಂತ್ರ ಚಿತ್ರ, ಬಣ್ಣ, ಅಕ್ಷರ, ಸದ್ದುಗಳಲ್ಲಿ ತಿಳಿಸುತ್ತದೆ. ಆಡುವವರು ಅದನ್ನು ಗ್ರಹಿಸಿ, ಅರೆಗಳಿಗೆಯಲ್ಲಿ ತೀರ್ಮಾನಿಸಿ, ಬೆರಳಿನಿಂದ ಉತ್ತರ ಕೊಡುತ್ತಾರೆ. ಗ್ರಹಿಸುವುದು, ತೀರ್ಮಾನಿಸುವುದು, ಉತ್ತರಿಸುವುದು ಎಂಬ ಈ ಮೂರು ಕೊಂಡಿಗಳಲ್ಲಿ ಒಂದು ಕಳಚಿದರೂ ಆಟ ಅಲ್ಲಿಗೇ ನಿಲ್ಲುತ್ತದೆ. ಎಲ್ಲವನ್ನೂ ಚಿತ್ರದಲ್ಲಷ್ಟೇ ಹೇಳುವ ಆಟ ಕಣ್ಣು ಕಾಣದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಸದ್ದಿನಲ್ಲಷ್ಟೇ ಎಚ್ಚರಿಸುವ ಆಟ ಕಿವಿ ಕೇಳದವರನ್ನು, ಎರಡು ಹೆಬ್ಬೆರಳೂ ಚುರುಕಾಗಿರಲೇಬೇಕೆನ್ನುವ ಆಟ ಕೈ ಸ್ವಾಧೀನವಿಲ್ಲದವರನ್ನು ಹೊರಗಿಡುತ್ತದೆ. ಒಂದೇ ಸುದ್ದಿ ಎರಡು ಮೂರು ದಾರಿಯಲ್ಲಿ ತಲುಪುವಂತೆ, ಒಂದೇ ಕೆಲಸವನ್ನು ಎರಡು ಮೂರು ಬಗೆಯಲ್ಲಿ ಮಾಡಬಹುದಾದಂತೆ ಆಟವನ್ನು ಕಟ್ಟುವುದಕ್ಕೆ ಗೇಮ್ ಆ್ಯಕ್ಸೆಸಿಬಿಲಿಟಿ ಎನ್ನುತ್ತಾರೆ. ಕನ್ನಡದಲ್ಲಿ ಸುಗಮ್ಯತೆ ಎಂಬ ಮಾತು ಬಳಕೆಗೆ ಬಂದಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಅವರಲ್ಲಿ ಮಕ್ಕಳೂ ಹರೆಯದವರೂ ಇದ್ದಾರೆ; ಶಾಲೆಯ ಗೆಳೆಯರು ಸಂಜೆ ಏನು ಆಡುತ್ತಾರೋ ಅದನ್ನೇ ಆಡಬೇಕೆಂಬ ಆಸೆ ಅವರಿಗೂ ಅಷ್ಟೇ ಇರುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳಲ್ಲಿ ಗೇಮ್ ಎಂದರೆ ಮೊಬೈಲ್. ಸಾವಿರಾರು ರೂಪಾಯಿಯ ಕನ್ಸೋಲ್ ಅಲ್ಲ, ಮನೆಮಂದಿಯೆಲ್ಲ ಹಂಚಿಕೊಳ್ಳುವ ಒಂದು ಸಾಧಾರಣ ಆಂಡ್ರಾಯ್ಡ್ ಫೋನ್. ಹೀಗಾಗಿ ಜಗತ್ತಿನಲ್ಲಿ ಎಷ್ಟೇ ಸಾಧನೆಯಾಗಿರಲಿ, ಅದು ಈ ಫೋನಿಗೆ ಇಳಿದು ಬಂದಿದೆಯೇ ಎಂಬುದೇ ಇಲ್ಲಿನ ಅಳತೆಗೋಲು.

ಆಟವನ್ನು ಆಡುವವರಿಗೆ ಹೊಂದಿಸುವುದು ಕರ್ನಾಟಕಕ್ಕೆ ಹೊಸದಲ್ಲ. ಅಳಗುಳಿ ಮಣೆಯ ಗುಳಿಗಳೂ ಅವುಗಳಲ್ಲಿನ ಹುಣಸೆ ಬೀಜಗಳೂ ಬೆರಳಿಗೇ ಲೆಕ್ಕ ಒಪ್ಪಿಸುತ್ತವೆ. ಚೌಕಾಬಾರದ ಕವಡೆ ಅಂಗಾತ ಬಿದ್ದಿದೆಯೋ ಬೋರಲು ಬಿದ್ದಿದೆಯೋ ಮುಟ್ಟಿದರೆ ಗೊತ್ತಾಗುತ್ತದೆ. ಅಂಧರ ಚೆಸ್ ಹಲಗೆಯಲ್ಲಿ ಕಪ್ಪು ಚೌಕಗಳು ಬಿಳಿಯವಕ್ಕಿಂತ ತುಸು ಎತ್ತರ. ಪ್ರತಿ ಚೌಕದಲ್ಲೂ ಕಾಯಿ ನೆಡಲು ತೂತು. ಕಪ್ಪು ಕಾಯಿಗಳಿಗೆ ಮುಟ್ಟಿ ಗುರುತಿಸಬಹುದಾದ ಗುರುತು. ನಡೆಯನ್ನು ಬಾಯಲ್ಲಿ ಹೇಳಿ ನಡೆಸುತ್ತಾರೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅಂಧರ ಚೆಸ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು. ಅಂಧರ ಕ್ರಿಕೆಟ್‌ನಲ್ಲಿ ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳಿರುತ್ತವೆ. ಬೌಲರ್ ಅದನ್ನು ಕೆಳಗೈಯಿಂದ, ನೆಲಕ್ಕೆ ಹೊಂದಿಕೊಂಡು ಬರುವಂತೆ ಎಸೆಯುತ್ತಾರೆ. ಎಸೆಯುವ ಮೊದಲು ಬ್ಯಾಟರನ್ನು ಕೂಗಿ ಕೇಳುತ್ತಾರೆ. ಪೂರ್ಣ ಅಂಧ ಬ್ಯಾಟರ್ ಗಳಿಸಿದ ಒಂದು ರನ್ ಎರಡಾಗಿ ಲೆಕ್ಕಕ್ಕೆ ಸೇರುತ್ತದೆ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ20 ವಿಶ್ವಕಪ್ ಅನ್ನು ಭಾರತ ಗೆದ್ದಾಗ ನಾಯಕರಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಬದಲಾವಣೆಗಳಿಂದ ಕ್ರಿಕೆಟ್ಟಿನ ಬಿಸಿ ಒಂದಿಷ್ಟೂ ಆರಲಿಲ್ಲ. ಚೆಂಡು ಎಲ್ಲಿದೆ ಎಂಬ ಸುದ್ದಿ ಕಣ್ಣಿನ ಬದಲು ಕಿವಿಗೆ ಬಂತು, ಅಷ್ಟೇ. ವಿಡಿಯೊ ಗೇಮಿನಲ್ಲೂ ಆಗಬೇಕಾದ ಕೆಲಸ ಇದೇ.

ಕಣ್ಣು ಕಾಣದವರು ಫೋನನ್ನು ಟಾಕ್‌ಬ್ಯಾಕ್ ಎಂಬ ತೆರೆ ಓದುವ ತಂತ್ರಾಂಶದಿಂದ ಬಳಸುತ್ತಾರೆ. ಬೆರಳು ಇಟ್ಟಲ್ಲಿರುವ ಗುಂಡಿಯ ಹೆಸರನ್ನು ಅದು ಓದಿ ಹೇಳುತ್ತದೆ. ಬ್ಯಾಂಕಿನ ಆ್ಯಪ್, ವಾಟ್ಸ್‌ಆ್ಯಪ್ ಎಲ್ಲಕ್ಕೂ ಇದು ಸಾಕು. ಆದರೆ ಗೇಮ್ ತೆರೆದೊಡನೆ ಟಾಕ್‌ಬ್ಯಾಕ್ ಸಾಮಾನ್ಯವಾಗಿ ಮೂಕವಾಗುತ್ತದೆ. ಕಾರಣ ಸರಳ. ಮಾಮೂಲಿ ಆ್ಯಪ್ ತನ್ನ ಗುಂಡಿ, ಪಟ್ಟಿ, ಅಕ್ಷರಗಳ ವಿವರವನ್ನು ಫೋನಿಗೆ ಒಪ್ಪಿಸಿರುತ್ತದೆ. ಗೇಮ್ ಇಡೀ ತೆರೆಯನ್ನು ತಾನೇ ಒಂದು ಚಿತ್ರವಾಗಿ ಬಿಡಿಸುತ್ತದೆ; ಆ ಚಿತ್ರದೊಳಗೆ ‘ಆಟ ಶುರು’ ಎಂಬ ಗುಂಡಿ ಇರುವುದು ಫೋನಿಗೇ ತಿಳಿದಿರುವುದಿಲ್ಲ. ಮೊಬೈಲ್ ಗೇಮ್‌ಗಳನ್ನು ಕಟ್ಟಲು ಬಹಳ ಬಳಕೆಯಲ್ಲಿರುವ ಯೂನಿಟಿ ಎಂಬ ತಂತ್ರಾಂಶ ತೆರೆ ಓದುಗಗಳಿಗೆ ಈ ವಿವರ ಒಪ್ಪಿಸುವ ಸೌಲಭ್ಯವನ್ನು 2023ರ ಆವೃತ್ತಿಯಲ್ಲಿ ಸೇರಿಸಿತು. ಗೋಡೊ ಎಂಬ ಉಚಿತ ತಂತ್ರಾಂಶವೂ 2025ರಲ್ಲಿ ಅದೇ ಹಾದಿ ಹಿಡಿಯಿತು. ಉಪಕರಣ ಬಂದಾಯಿತು. ಅದನ್ನು ಬಳಸಿ ಪ್ರತಿ ಗುಂಡಿಗೂ ಹೆಸರಿಡುವ ಶ್ರಮ ಮಾತ್ರ ಗೇಮ್ ಕಟ್ಟುವವರದು.

ಚಿತ್ರವೇ ಇಲ್ಲದ ಆಟಗಳೂ ಇವೆ. ಜಪಾನಿನ ಕೆಂಜಿ ಎನೊ ಎಂಬ ವಿನ್ಯಾಸಕ ತಮ್ಮ ಆಟಗಳನ್ನು ಅಂಧರೂ ಕಷ್ಟಪಟ್ಟು ಆಡುತ್ತಿದ್ದಾರೆಂದು ತಿಳಿದು, 1997ರಲ್ಲಿ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ಬರೀ ಧ್ವನಿಯಿಂದ ನಡೆಯುವ ಆಟವೊಂದನ್ನು ರೂಪಿಸಿದರು. ಸೆಗಾ ಕಂಪನಿ 1000 ಯಂತ್ರಗಳನ್ನು ಅಂಧರಿಗೆ ದಾನವಾಗಿ ಕೊಟ್ಟರೆ ತಾವೂ ಅಷ್ಟೇ ಪ್ರತಿ ಕೊಡುವುದಾಗಿ ಅವರು ಷರತ್ತು ಹಾಕಿದ್ದರು. ಇಂದು ಇಂಥ ಆಡಿಯೊ ಗೇಮ್‌ಗಳಲ್ಲಿ ಹೆಡ್‌ಫೋನೇ ತೆರೆ: ಹೆಜ್ಜೆ ಸಪ್ಪಳ ಎಡಗಿವಿಯಲ್ಲಿ ಕೇಳಿದರೆ ವೈರಿ ಎಡಕ್ಕೆ, ಸದ್ದು ಜೋರಾದರೆ ಹತ್ತಿರ. ದೊಡ್ಡ ಆಟಗಳ ಸಾಲಿನಲ್ಲಿ 2020ರ ಜೂನ್‌ನಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಒಂದು ಮೈಲಿಗಲ್ಲು. ಅದರಲ್ಲಿ 60ಕ್ಕೂ ಹೆಚ್ಚು ಸುಗಮ್ಯತೆಯ ಸೆಟ್ಟಿಂಗ್‌ಗಳಿದ್ದವು. ಪೂರ್ಣ ಅಂಧರು ಯಾರ ನೆರವೂ ಇಲ್ಲದೆ ಅದನ್ನು ಕೊನೆಯವರೆಗೆ ಆಡಿ ಮುಗಿಸಿದರು. ವಿಕಲಚೇತನ ಆಟಗಾರರನ್ನೇ ಸಲಹೆಗಾರರಾಗಿ ಕೂರಿಸಿಕೊಂಡು ಆಟ ಕಟ್ಟಿದ್ದು ಇದರ ಹಿಂದಿನ ಗುಟ್ಟು.

ಕಿವಿ ಕೇಳದವರ ವಿಷಯದಲ್ಲಿ ದಾರಿ ತಿರುಗುಮುರುಗು. ಸದ್ದು ಕಣ್ಣಿಗೆ ಕಾಣಬೇಕು. ಬಿಜಿಎಂಐ ಎಂಬ ಗುಂಡು ಹಾರಿಸುವ ಮೊಬೈಲ್ ಆಟ ಆಡುವ ಚಿಂತಾಮಣಿಯ ಹುಡುಗರಿಗೆ ಇದರ ಪರಿಚಯ ಆಗಲೇ ಇದೆ: ಹತ್ತಿರ ಯಾರಾದರೂ ಓಡಾಡಿದರೆ ಮೂಲೆಯ ಚಿಕ್ಕ ನಕ್ಷೆಯಲ್ಲಿ ಹೆಜ್ಜೆ ಗುರುತು ಮೂಡುತ್ತದೆ, ಗುಂಡು ಹಾರಿದರೆ ಗುಂಡಿನ ಗುರುತು. ಬಸ್ಸಿನಲ್ಲಿ ಹೆಡ್‌ಫೋನ್ ಇಲ್ಲದೆ ಆಡುವವರಿಗೂ ಈ ಗುರುತೇ ಆಸರೆ. ಒಬ್ಬರ ಅಗತ್ಯಕ್ಕೆ ಒದಗುವ ಏರ್ಪಾಟು ಹತ್ತಾರು ಜನರಿಗೆ ಅನುಕೂಲವಾಗುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಸಬ್‌ಟೈಟಲ್ ಕೂಡ ಬೇಕೇ ಬೇಕು; ಮಾತಿಗೆ ಮಾತ್ರವಲ್ಲ, ಬಾಗಿಲು ಕಿರುಗುಟ್ಟಿದ್ದಕ್ಕೂ ಗುಡುಗಿದ್ದಕ್ಕೂ. ಆದರೆ ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಮಕ್ಕಳ ಮೊದಲ ಭಾಷೆ ಸನ್ನೆ ಭಾಷೆ. ಕನ್ನಡವೂ ಅವರಿಗೆ ಎರಡನೆಯ ಭಾಷೆಯೇ; ಉದ್ದುದ್ದ ವಾಕ್ಯ ಓದುವುದು ಸುಲಭವಲ್ಲ. ಚಿಕ್ಕ ಮಾತು, ಸ್ಪಷ್ಟ ಚಿತ್ರ, ಆಡಿ ತೋರಿಸುವ ಪಾಠ ಅವರಿಗೆ ಹೆಚ್ಚು ನೆರವಾಗುತ್ತವೆ.

ಬಣ್ಣದ ತೊಂದರೆಗೆ ಪರಿಹಾರ ಸುಲಭ. ಕೆಂಪು ಹಸಿರು ಒಂದೇ ಥರ ಕಾಣುವವರಿಗೆ ಲೂಡೊ ಹಲಗೆಯೂ ಗೊಂದಲವೇ. ಪ್ರತಿ ಬಣ್ಣದ ಕಾಯಿಯ ಮೇಲೂ ಬೇರೆ ಬೇರೆ ಆಕಾರ ಬರೆದರೆ ಗೊಂದಲ ಮುಗಿಯಿತು.

ಕೈಯ ವಿಷಯ ಇನ್ನಷ್ಟು ವಿಸ್ತಾರವಾದದ್ದು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದಕ್ಕೊಂದು ಸ್ಥಳೀಯ ಕಾರಣವೂ ಸೇರಿಕೊಂಡಿದೆ. ಇಲ್ಲಿನ ಹಲವು ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ರೋಗ ಬಲಿತರೆ ಕೀಲುಗಳೂ ಬೆನ್ನೂ ಬಿಗಿಯುತ್ತವೆ. ವಿಕಲಚೇತನರ ಗುರುತಿನ ಚೀಟಿ ಇಲ್ಲದಿದ್ದರೂ ಮಣಿಕಟ್ಟು ಸಲೀಸಾಗಿ ತಿರುಗದವರಿಗೆ, ಪೋಲಿಯೊ ಅಥವಾ ಮೆದುಳಿನ ಪಾರ್ಶ್ವವಾಯು ಇರುವವರಿಗೆ, ಅಪಘಾತದಲ್ಲಿ ಬೆರಳು ಕಳೆದುಕೊಂಡವರಿಗೆ, ಗುಂಡಿಯ ಜಾಗವೂ ಗಾತ್ರವೂ ಒತ್ತಬೇಕಾದ ಹೊತ್ತೂ ಆಟದ ಭವಿಷ್ಯವನ್ನೇ ನಿರ್ಧರಿಸುತ್ತವೆ. ಗುಂಡಿಗಳನ್ನು ಬೇಕಾದಲ್ಲಿಗೆ ಸರಿಸಲು ಬಿಡುವುದು, ಒತ್ತಿ ಹಿಡಿಯುವ ಬದಲು ಒಮ್ಮೆ ಮುಟ್ಟಿದರೆ ಸಾಕೆನ್ನುವುದು, ಒಂದೇ ಕೈಯಲ್ಲಿ ಆಡಲು ಅನುವಾಗುವ ವಿನ್ಯಾಸ: ಇವಕ್ಕೆ ಹೊಸ ಯಂತ್ರವೇ ಬೇಡ.

ಯಂತ್ರ ಬೇಕಾದವರಿಗೆ ಮೈಕ್ರೊಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಅದರ ಮುಖದ ಮೇಲೆ ಅಂಗೈಯಗಲದ ಎರಡು ಗುಂಡಿ, ಬೆನ್ನಲ್ಲಿ ಇಯರ್‌ಫೋನ್ ಪಿನ್ ಕೂರುವಂಥ 19 ತೂತು. ಒಂದೊಂದು ತೂತೂ ಆಟದ ಒಂದೊಂದು ಗುಂಡಿಗೆ ಸಮ. ಮೊಣಕೈಯಿಂದ ಒತ್ತುವ ಸ್ವಿಚ್ಚು, ಪಾದದಡಿಯ ಪೆಡಲು, ಗಲ್ಲದಿಂದ ತಳ್ಳುವ ಗುಂಡಿ, ಯಾವುದನ್ನಾದರೂ ಅದಕ್ಕೆ ಚುಚ್ಚಬಹುದು. ಸೋನಿ ತನ್ನ ಪ್ಲೇಸ್ಟೇಷನ್‌ಗೆ ಇಂಥದ್ದನ್ನು 2023ರ ಕೊನೆಯಲ್ಲಿ ತಂದಿತು. ಅಡಾಪ್ಟಿವ್ ಕಂಟ್ರೋಲರಿನ ಆರಂಭದ ಬೆಲೆ ಸುಮಾರು 100 ಡಾಲರ್. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರ ಮನೆಗೆ ಅದು ದುಬಾರಿಯೇ. ಆದರೆ ಅದಕ್ಕೆ ಚುಚ್ಚುವ ಸ್ವಿಚ್ಚಿನೊಳಗೆ ಯಾವ ಗುಟ್ಟೂ ಇಲ್ಲ. ಎರಡು ತಂತಿ ಮುಟ್ಟಿದರೆ ‘ಒತ್ತಿದರು’, ಬಿಟ್ಟರೆ ‘ಬಿಟ್ಟರು’. ಐಟಿಐ ಕಲಿತವರಾಗಲಿ, ರೇಡಿಯೊ ರಿಪೇರಿ ಬಲ್ಲವರಾಗಲಿ ಅದನ್ನು ಅರ್ಧ ಗಂಟೆಯಲ್ಲಿ ಮಾಡಿಕೊಡಬಲ್ಲರು. ಆಂಡ್ರಾಯ್ಡ್ ಫೋನಿನಲ್ಲೇ ಇರುವ ಸ್ವಿಚ್ ಆ್ಯಕ್ಸೆಸ್ ಸೌಲಭ್ಯ ಬಾಹ್ಯ ಸ್ವಿಚ್ಚನ್ನೂ, ಹೊಸ ಫೋನುಗಳಲ್ಲಿ ಬಾಯಿ ತೆರೆಯುವುದು, ಹುಬ್ಬೇರಿಸುವುದು ಮುಂತಾದ ಮುಖದ ಸನ್ನೆಗಳನ್ನೂ ಗುಂಡಿಯಾಗಿ ಒಪ್ಪಿಕೊಳ್ಳುತ್ತದೆ. ಅವಸರವಿಲ್ಲದ ಆಟಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಓಟದ, ಗುಂಡು ಹಾರಿಸುವ ಆಟಗಳಿಗೆ ಸಾಲದು.

ವೇಗದ ಮಾತು ಬಂದಾಗ ಬುದ್ಧಿಗೆ, ಕಲಿಕೆಗೆ ಸಂಬಂಧಿಸಿದ ತೊಡಕುಗಳನ್ನೂ ನೆನೆಯಬೇಕು. 2018ರ ‘ಸೆಲೆಸ್ಟ್’ ಆಟದಲ್ಲಿ ಇಡೀ ಆಟದ ವೇಗವನ್ನು ಹಂತಹಂತವಾಗಿ ಅರ್ಧಕ್ಕೆ ಇಳಿಸಬಹುದು, ಬೀಳುವ ಭಯವನ್ನೇ ತೆಗೆದುಹಾಕಬಹುದು. ಹಾಗೆ ಆಡಿದವರನ್ನು ಆಟ ಎಲ್ಲೂ ಹಂಗಿಸುವುದಿಲ್ಲ, ಅದು ದೊಡ್ಡ ಗುಣ. ಮೂರ್ಛೆ ರೋಗದ ಅಪಾಯ ಬೇರೆಯೇ. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿ.ವಿ.ಯಲ್ಲಿ ಪೋಕೆಮಾನ್ ಕಂತೊಂದರ ಕೆಂಪು ನೀಲಿ ಮಿಂಚು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ತೆರೆ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿನುಗಬಾರದು ಎಂಬ ನಿಯಮ ಇಂದು ವಿನ್ಯಾಸಕರಿಗೆ ಪ್ರಾಥಮಿಕ ಪಾಠ.

ಕರ್ನಾಟಕದಲ್ಲಿ ಈ ವಿಷಯದ ಬಗ್ಗೆ ಆಳವಾದ ಕೆಲಸ ನಡೆದಿರುವುದು ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು, ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದ ತಂಡದಲ್ಲಿದ್ದ ಸ್ವಾಮಿ ಮನೋಹರ್ ಅಲ್ಲಿ ಆಟದ ಮೂಲಕವೇ ಸುಗಮ್ಯತೆಯನ್ನು ಕಟ್ಟುವ ‘ಲೂಡಿಕ್ ಡಿಸೈನ್ ಫಾರ್ ಆ್ಯಕ್ಸೆಸಿಬಿಲಿಟಿ’ ಎಂಬ ವಿಧಾನವನ್ನು ಬೆಳೆಸಿದರು. ವಿಕಲಚೇತನ ಮಗುವಿಗೆ ಚಿಕಿತ್ಸೆ, ತರಬೇತಿ, ಪಾಠ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಆಟ ಎಂಬುದು ವಾಡಿಕೆ. ಈ ವಿಧಾನ ಅದನ್ನು ತಲೆಕೆಳಗು ಮಾಡುತ್ತದೆ: ಆಟವೇ ಮೊದಲು, ಕಂಪ್ಯೂಟರಿನ ಪರಿಚಯ, ಲೆಕ್ಕ, ತರ್ಕ ಅದರ ಬೆನ್ನಿಗೆ ಬರಲಿ. ಈ ಕೆಲಸದಲ್ಲಿ ಜೊತೆಯಾದದ್ದು ಟ್ರಿಪಲ್ ಐಟಿ ಬೆಂಗಳೂರಿನ ಆಶ್ರಯದಲ್ಲಿ ಬೆಳೆದ ವಿಷನ್ ಎಂಪವರ್ ಸಂಸ್ಥೆ. ಅದರ ಸ್ಥಾಪಕರಲ್ಲೊಬ್ಬರಾದ ವಿದ್ಯಾ ವೈ. ಹುಟ್ಟಿನಿಂದಲೇ ದೃಷ್ಟಿಯಿಲ್ಲದವರು. ಅಂಧರಿಗೆ ಗಣಿತ ವಿಜ್ಞಾನ ಆಗದು ಎಂಬ ಮಾತಿನ ನಡುವೆಯೇ ಗಣಿತವನ್ನೂ ಕಂಪ್ಯೂಟರ್ ವಿಜ್ಞಾನವನ್ನೂ ಓದಿ, ಟ್ರಿಪಲ್ ಐಟಿಯಲ್ಲಿ ಚಿನ್ನದ ಪದಕ ಪಡೆದವರು.

ಬೆಂಗಳೂರಿನ ಅಂಧ ಮಕ್ಕಳ ಶಾಲೆಯಲ್ಲಿ ಸಂಶೋಧಕರು ಪರೀಕ್ಷಿಸಿದ ಒಂದು ಸಾಧನ ಪ್ರಾಜೆಕ್ಟ್ ಟೊರಿನೊ. ಕೇಂಬ್ರಿಜ್‌ನಲ್ಲಿ ಹುಟ್ಟಿ, 2019ರಲ್ಲಿ ಕೋಡ್ ಜಂಪರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಅದು ದೊಡ್ಡ ಮಣಿಗಳ ಸರದಂತಿದೆ. ಮಗು ಒಂದು ಮಣಿಗೆ ಇನ್ನೊಂದನ್ನು ತಂತಿಯಿಂದ ಜೋಡಿಸಿ, ಮಣಿಯ ಮೇಲಿನ ತಿರುಗುಗುಂಡಿ ತಿರುಗಿಸಿದರೆ ಜೋಡಿಸಿದ ಕ್ರಮದಲ್ಲೇ ಹಾಡು ಅಥವಾ ಕಥೆ ಕೇಳಿಸುತ್ತದೆ. ಕ್ರಮ ಬದಲಿಸಿದರೆ ಹಾಡು ಬದಲು. ಮರುಕಳಿಸುವ ಮಣಿ ಸೇರಿಸಿದರೆ ಪಲ್ಲವಿ ಮತ್ತೆ ಮತ್ತೆ. ಕಂಪ್ಯೂಟರ್ ಪ್ರೋಗ್ರಾಂ ಎಂದರೇನು ಎಂಬುದು ತೆರೆ ನೋಡದೆಯೇ ಬೆರಳ ತುದಿಗೆ ತಿಳಿಯುತ್ತದೆ. ಅಂಧ ಮಕ್ಕಳ ಶಾಲೆಗಳ ಶಿಕ್ಷಕರು ಡಿಜಿಟಲ್ ಆಟಗಳನ್ನು ಹೇಗೆ ಕಾಣುತ್ತಾರೆಂಬುದನ್ನೂ ಇದೇ ಬಳಗ ಅಧ್ಯಯನ ಮಾಡಿತು. ಶಿಕ್ಷಕರು ಒಪ್ಪದಿದ್ದರೆ ಎಂಥ ಒಳ್ಳೆಯ ಆಟವೂ ಬೀರು ಬಿಟ್ಟು ಹೊರಬರುವುದಿಲ್ಲ, ಆದ್ದರಿಂದ ಇದು ಸರಿಯಾದ ಪ್ರಶ್ನೆಯೇ ಆಗಿತ್ತು.

ಬೆಂಗಳೂರಿನಿಂದ ಉತ್ತರಕ್ಕೆ ಹೊರಟು ನಂದಿಬೆಟ್ಟ ದಾಟುವಷ್ಟರಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಗೌರಿಬಿದನೂರು, ಚಿಂತಾಮಣಿ ಸೀಮೆಯ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಶಾಲೆಯಲ್ಲಿ ಕನ್ನಡ, ಪೇಟೆಯ ಕೆಲವು ಬೀದಿಗಳಲ್ಲಿ ಉರ್ದು. ಕಣ್ಣಿರುವ ಮಗು ಇಂಗ್ಲಿಷ್ ಆಟವನ್ನು ಚಿತ್ರ ನೋಡಿ ಊಹಿಸಿಯಾದರೂ ಆಡುತ್ತದೆ. ಕಣ್ಣಿಲ್ಲದ ಮಗುವಿಗೆ ಆಡುವ ಧ್ವನಿಯೇ ಇಡೀ ಆಟ. ಅದು ತಿಳಿಯದ ಭಾಷೆಯಲ್ಲಿದ್ದರೆ ಊಹೆಗೂ ಎಡೆಯಿಲ್ಲ. ಕನ್ನಡ ಬರಹವನ್ನು ಓದಿ ಹೇಳುವ ಧ್ವನಿ ಈಗ ಆಂಡ್ರಾಯ್ಡ್ ಫೋನಿನಲ್ಲಿದೆ, ಎನ್‌ವಿಡಿಎ ಎಂಬ ಉಚಿತ ತೆರೆ ಓದುಗದಲ್ಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಬರಹವನ್ನು ಓದಿ ಹೇಳುವ ‘ಮಧುರ ವಾಚಕ’ವನ್ನು ರೂಪಿಸಿದೆ. ಧ್ವನಿಯ ಕೊರತೆ ನೀಗಿದ ಮೇಲೂ ಕನ್ನಡದಲ್ಲಿ ಆಡಿಯೊ ಗೇಮ್‌ಗಳು ವಿರಳವಾಗಿರುವುದು ನೋವಿನ ಸಂಗತಿ.

ಕಾನೂನು ಆಟವನ್ನು ಮರೆತಿಲ್ಲ. ವಿಕಲಚೇತನ ಮಕ್ಕಳಿಗೆ ಉಳಿದ ಮಕ್ಕಳಷ್ಟೇ ಆಟದ ಅವಕಾಶ ಇರಬೇಕೆಂದು ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ಹೇಳುತ್ತದೆ. ಭಾರತ ಅದಕ್ಕೆ ಅಂಗೀಕಾರ ಕೊಟ್ಟದ್ದು 2007ರಲ್ಲಿ, ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ವರ್ಷವೇ. ದಿನಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳು ಎಲ್ಲರಿಗೂ ಒಗ್ಗುವ ವಿನ್ಯಾಸದಲ್ಲಿ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ವಿಧಿಸುತ್ತದೆ. ಡಿಜಿಟಲ್ ಸೇವೆಗಳ ಸುಗಮ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತಿತು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ 2012ರಿಂದ ನೀತಿ ಹೊಂದಿದೆ, 2024ರಲ್ಲಿ ಅದನ್ನು ಹೊಸದಾಗಿಸಿದೆ. ಈ ನೀತಿಯಡಿ ಪ್ರೋತ್ಸಾಹದ ಹಣ ಪಡೆಯುವ ಆಟಕ್ಕೆ ಕನಿಷ್ಠ ಸುಗಮ್ಯತೆಯ ಷರತ್ತು ಹಾಕುವುದು ನ್ಯಾಯವಾದ ಬೇಡಿಕೆ.

ತಾಲ್ಲೂಕು ಮಟ್ಟದಲ್ಲಿ ಆಟವನ್ನು ಮಗುವಿನ ಕೈಗೆ ಮುಟ್ಟಿಸಬಲ್ಲವರು ಆಗಲೇ ಇದ್ದಾರೆ. ಬಿಆರ್‌ಸಿ ಎಂಬ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದು ಬಿಐಇಆರ್‌ಟಿ ಶಿಕ್ಷಕರಿದ್ದಾರೆ; ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯಿದೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್‌ಗಳಿವೆ. ಅರಿವು ಕೇಂದ್ರದ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಲು ಕಾಸು ಬೇಡ. ಮನೆಯವರ ಫೋನಿನಲ್ಲಿ ಟಾಕ್‌ಬ್ಯಾಕ್, ಸ್ವಿಚ್ ಆ್ಯಕ್ಸೆಸ್ ತೆರೆದು ತೋರಿಸಲು ಒಂದು ಮಧ್ಯಾಹ್ನ ಸಾಕು. ಅಷ್ಟಾದರೆ ಮಗು ಆಡಲು ಕೂರಬಹುದು. ಆಟ ಎಲ್ಲಿ ಕೈಕೊಡುತ್ತದೆಂದು ಮಗುವೇ ಹೇಳುತ್ತದೆ, ಮತ್ತು ಗೇಮ್ ಕಟ್ಟುವವರಿಗೆ ತಲುಪಬೇಕಾದ ವರದಿ ಅದೇ.