ಚರ್ಮದಡಿಯ ಕೊಬ್ಬಿನ ಗಂಟುಗಳು

ನಮ್ಮ ಊರುಗಳಲ್ಲಿ ಹಿರಿಯರು ಹೆಗಲಿಗೆ ಬೈರಾಸು ಹಾಕಿಕೊಂಡು ಬರಿಮೈಯಲ್ಲಿ ತೋಟ ಸುತ್ತುವುದು ವಾಡಿಕೆ. ಅಂಥವರಲ್ಲಿ ಕೆಲವರ ಬೆನ್ನಿನಲ್ಲೋ ತೋಳಿನಲ್ಲೋ ನಿಂಬೆಹಣ್ಣಿನ ಗಾತ್ರದ ಗಂಟೊಂದನ್ನು ನೀವು ಕಂಡಿರಬಹುದು. ಕೇಳಿದರೆ, "ಅದು ಇಪ್ಪತ್ತು ವರ್ಷದಿಂದ ಇದೆ ಮಗೂ, ನೋವೂ ಇಲ್ಲ, ಏನೂ ಇಲ್ಲ" ಎನ್ನುತ್ತಾರೆ. ಅಂಥದೇ ಗಂಟು ಮೂಡಿದಾಗ ಇನ್ನೊಬ್ಬರು ಕ್ಯಾನ್ಸರೇ ಇರಬೇಕೆಂದು ಹೆದರಿ, ಯಾರಿಗೂ ಹೇಳದೆ ನಿದ್ದೆಗೆಡುತ್ತಾರೆ. ಮತ್ತೊಬ್ಬರು ಅದನ್ನು ಸುಟ್ಟೋ ಹಿಚುಕಿಯೋ ಕಳೆಯಲು ಹೋಗಿ ಇಲ್ಲದ ಹುಣ್ಣನ್ನು ಮಾಡಿಕೊಳ್ಳುತ್ತಾರೆ. ಈ ಗಂಟು ಏನು, ಯಾವಾಗ ಸುಮ್ಮನಿರಬಹುದು, ಯಾವಾಗ ವೈದ್ಯರಿಗೆ ತೋರಿಸಲೇಬೇಕು ಎಂಬುದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಗಂಟು ಎಂದರೇನು?

ನಮ್ಮ ಚರ್ಮದ ಕೆಳಗೆ ಕೊಬ್ಬಿನ ಒಂದು ಪದರವಿದೆ. ಇದು ದೇಹವನ್ನು ಬೆಚ್ಚಗಿಡುತ್ತದೆ, ಪೆಟ್ಟು ಬಿದ್ದಾಗ ಮೆತ್ತೆಯಂತೆ ಕಾಪಾಡುತ್ತದೆ, ಉಪವಾಸದ ಕಾಲದಲ್ಲಿ ಶಕ್ತಿಯನ್ನು ಒದಗಿಸುತ್ತದೆ. ಕೆಲವೊಮ್ಮೆ ಒಂದೆಡೆಯ ಕೊಬ್ಬಿನ ಜೀವಕೋಶಗಳು ಅಗತ್ಯಕ್ಕಿಂತ ಹೆಚ್ಚಾಗಿ ಬೆಳೆದು, ತೆಳುವಾದ ಒಂದು ಪೊರೆಯೊಳಗೆ ಗುಂಪಾಗಿ ನಿಲ್ಲುತ್ತವೆ. ಇದೇ ಕೊಬ್ಬಿನ ಗಂಟು. ವೈದ್ಯರು ಇದನ್ನು ‘ಲೈಪೋಮ’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಲಿಪೋಸ್’ ಎಂದರೆ ಕೊಬ್ಬು. ನಮ್ಮ ಪ್ರಾಚೀನ ವೈದ್ಯರಿಗೂ ಇದು ಹೊಸದಲ್ಲ. ಸುಶ್ರುತ ಸಂಹಿತೆಯು ಗ್ರಂಥಿಗಳನ್ನು ವಿಂಗಡಿಸುವಾಗ ಮೇದಸ್ಸಿನಿಂದ, ಎಂದರೆ ಕೊಬ್ಬಿನಿಂದ, ಹುಟ್ಟುವ ಗ್ರಂಥಿಯನ್ನು ಬೇರೆಯಾಗಿಯೇ ಹೇಳಿದೆ.

ಸುಮಾರು ನೂರು ಜನರಲ್ಲಿ ಒಬ್ಬರಿಗೆ ಇಂಥ ಗಂಟು ಇರುತ್ತದೆ. 40ರಿಂದ 60 ವರ್ಷದವರಲ್ಲಿ ಹೆಚ್ಚು, ಮಕ್ಕಳಲ್ಲಿ ಅಪರೂಪ. ಕೆಲವು ಮನೆತನಗಳಲ್ಲಿ ತಂದೆಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ ಮೈತುಂಬ ಹಲವು ಗಂಟುಗಳು ಬರುವುದುಂಟು. ಇದಕ್ಕೆ ಕಾರಣವೇನೆಂದು ಪೂರ್ತಿಯಾಗಿ ತಿಳಿದಿಲ್ಲವಾದರೂ, ಅನೇಕ ಗಂಟುಗಳ ಜೀವಕೋಶಗಳಲ್ಲಿ 12ನೆಯ ವರ್ಣತಂತುವಿನ ರಚನೆ ಬದಲಾಗಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಎಣ್ಣೆತಿಂಡಿ ತಿಂದುದರಿಂದ ಬರುವುದೂ ಅಲ್ಲ. ಬಡಕಲು ದೇಹದವರಿಗೂ ಇದು ಬರುತ್ತದೆ. ಇನ್ನೂ ವಿಚಿತ್ರವೆಂದರೆ, ಉಪವಾಸವಿದ್ದು ಮೈ ಕರಗಿದರೂ ಗಂಟು ಕರಗುವುದಿಲ್ಲ. ಅದರೊಳಗಿನ ಕೊಬ್ಬು ದೇಹದ ಬಳಕೆಗೆ ಸಿಗುವುದಿಲ್ಲ.

ಗುರುತಿಸುವುದು ಹೇಗೆ?

ಕೊಬ್ಬಿನ ಗಂಟು ಮುಟ್ಟಿದರೆ ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ. ಮೇಲಿನ ಚರ್ಮ ಎಂದಿನಂತೆಯೇ ಇರುತ್ತದೆ. ಕೆಂಪಾಗಲಿ, ಬಿಸಿಯಾಗಲಿ ಇರುವುದಿಲ್ಲ. ಅಂಚನ್ನು ಬೆರಳಿನಿಂದ ಒತ್ತಿದರೆ ಗಂಟು ಬೆರಳಿನಡಿಯಿಂದ ನುಣುಚಿಕೊಳ್ಳುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಆದರೆ ರಕ್ತನಾಳಗಳು ಹೆಚ್ಚಾಗಿರುವ ಒಂದು ಬಗೆಯ ಸಣ್ಣ ಗಂಟುಗಳು ಯುವಕರ ಮುಂಗೈಯಲ್ಲಿ ಕಾಣಿಸಿಕೊಂಡು ಒತ್ತಿದರೆ ನೋಯುತ್ತವೆ. ಗಂಟು ಬಹಳ ನಿಧಾನವಾಗಿ, ವರ್ಷಗಟ್ಟಲೆ ಬೆಳೆಯುತ್ತದೆ. ಎಷ್ಟೋ ಸಲ ಒಂದು ಗಾತ್ರಕ್ಕೆ ಬಂದು ನಿಂತುಬಿಡುತ್ತದೆ.

ಎಲ್ಲ ಗಂಟೂ ಕೊಬ್ಬಿನದಲ್ಲ

ಮೈಮೇಲಿನ ಪ್ರತಿಯೊಂದು ಗಂಟನ್ನೂ ಕೊಬ್ಬೆಂದು ತಳ್ಳಿಹಾಕುವಂತಿಲ್ಲ. ನಡುವೆ ಒಂದು ಕಪ್ಪು ಚುಕ್ಕೆಯಿದ್ದು, ಮೇಲಿನ ಚರ್ಮಕ್ಕೆ ಅಂಟಿಕೊಂಡಿದ್ದರೆ ಅದು ಚರ್ಮದ ಚೀಲಗಂಟು. ಕೆಂಪಾಗಿ, ಬಿಸಿಯಾಗಿ, ಮಿಡಿಯುತ್ತಿದ್ದರೆ ಕುರು. ಗಂಟಲಿನ ಮುಂಭಾಗದಲ್ಲಿದ್ದು ಉಗುಳು ನುಂಗುವಾಗ ಮೇಲೆ ಕೆಳಗೆ ಚಲಿಸಿದರೆ ಗಳಗಂಡವಿರಬಹುದು. ತೊಡೆಸಂದಿಯಲ್ಲಿದ್ದು ಕೆಮ್ಮಿದಾಗ ಉಬ್ಬಿದರೆ ಅಂಡವಾಯುವಿರಬಹುದು. ಮಕ್ಕಳ ಕತ್ತಿನಲ್ಲಿ ಕಾಣುವ ಗಂಟುಗಳು ಹೆಚ್ಚಾಗಿ ದುಗ್ಧಗ್ರಂಥಿಗಳು. ನೆಗಡಿ, ಗಂಟಲುನೋವು, ತಲೆಯ ಹುಣ್ಣು ಇವುಗಳಿಂದ ಅವು ಊದಿಕೊಳ್ಳುತ್ತವೆ. ಎರಡು ವಾರ ಕಳೆದರೂ ಇಳಿಯದಿದ್ದರೆ ಕ್ಷಯರೋಗವಿದೆಯೇ ಎಂದು ಪರೀಕ್ಷೆ ಮಾಡಿಸಬೇಕು.

ತಾಯಂದಿರು ಎರಡು ವಿಷಯಗಳನ್ನು ಮುಖ್ಯವಾಗಿ ಗಮನಿಸಬೇಕು. ಸ್ತನದಲ್ಲಿ ಗಂಟು ಕಂಡರೆ, ನೋವಿರಲಿ ಇಲ್ಲದಿರಲಿ, ಸಂಕೋಚಪಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಹಸುಗೂಸಿನ ಸೊಂಟದ ಹಿಂಭಾಗದಲ್ಲಿ, ಬೆನ್ನೆಲುಬಿನ ನೇರಕ್ಕೆ, ಹುಟ್ಟಿನಿಂದಲೇ ಮೆತ್ತನೆಯ ಗಂಟಿದ್ದರೆ ಅದು ಬೆನ್ನುಹುರಿಗೆ ಸಂಬಂಧಪಟ್ಟಿರಬಹುದು. ಅದನ್ನು ದೊಡ್ಡ ಆಸ್ಪತ್ರೆಯಲ್ಲಿಯೇ ಪರೀಕ್ಷಿಸಬೇಕು.

ಕ್ಯಾನ್ಸರ್ ಆಗುವುದೇ?

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಇದೇ. ಸಾಧಾರಣ ಕೊಬ್ಬಿನ ಗಂಟು ಕ್ಯಾನ್ಸರಾಗಿ ಮಾರ್ಪಡುವುದಿಲ್ಲವೆಂದೇ ಹೇಳಬಹುದು. ಆದರೆ ಕೊಬ್ಬಿನ ಜೀವಕೋಶಗಳಲ್ಲಿಯೇ ಹುಟ್ಟುವ ‘ಲೈಪೋಸಾರ್ಕೋಮ’ ಎಂಬ ಅಪರೂಪದ ಕ್ಯಾನ್ಸರ್ ಒಂದಿದೆ. ಅದು ಮೊದಮೊದಲು ಇದರಂತೆಯೇ ಕಾಣಬಹುದು. ಆದ್ದರಿಂದ ಈ ಲಕ್ಷಣಗಳನ್ನು ನೆನಪಿಡಿರಿ:

1. ಗಂಟು 5 ಸೆಂಟಿಮೀಟರಿಗಿಂತ, ಎಂದರೆ ಹೆಚ್ಚುಕಡಮೆ ಒಂದು ಹಣ್ಣಡಿಕೆಗಿಂತ, ದೊಡ್ಡದಾಗಿರುವುದು.
2. ವಾರಗಳಲ್ಲಿ, ತಿಂಗಳುಗಳಲ್ಲಿ ಬೇಗ ಬೆಳೆಯುವುದು.
3. ಗಟ್ಟಿಯಾಗಿರುವುದು, ಅಲುಗಾಡದಿರುವುದು, ಆಳದಲ್ಲಿರುವುದು.
4. ಹೊಸದಾಗಿ ನೋವು ಶುರುವಾಗುವುದು.
5. ಒಮ್ಮೆ ತೆಗೆಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬರುವುದು.

ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಅಲ್ಟ್ರಾಸೌಂಡ್, ಬೇಕಾದರೆ ಎಂ.ಆರ್.ಐ. ಸ್ಕ್ಯಾನ್, ಅಥವಾ ಸೂಜಿಯಿಂದ ಸ್ವಲ್ಪ ಅಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಹೀಗೆ ವೈದ್ಯರು ನಿಜವನ್ನು ಕಂಡುಹಿಡಿಯುತ್ತಾರೆ.

ಚಿಕಿತ್ಸೆ

ತೊಂದರೆ ಕೊಡದ ಗಂಟಿಗೆ ಚಿಕಿತ್ಸೆಯೇ ಬೇಡ. ಒಮ್ಮೆ ವೈದ್ಯರಿಗೆ ತೋರಿಸಿ, ಬಳಿಕ ಗಾತ್ರವನ್ನು ಗಮನಿಸುತ್ತಿದ್ದರೆ ಸಾಕು. ನೋವಿದ್ದರೆ, ನರವನ್ನು ಒತ್ತುತ್ತಿದ್ದರೆ, ಹೊರೆ ಹೊರುವಾಗ ಅಡ್ಡಿಯಾದರೆ, ನೋಟಕ್ಕೆ ಬೇಸರವೆನಿಸಿದರೆ ಅಥವಾ ಸಂಶಯವಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಚಿಕ್ಕ ಗಂಟಾದರೆ ಅಂದೇ ಮನೆಗೆ ಬರಬಹುದು. ಮೊದಲು ಆ ಜಾಗಕ್ಕಷ್ಟೇ ಲಿಗ್ನೋಕೇನ್ ಚುಚ್ಚುಮದ್ದು ಕೊಟ್ಟು ಮರಗಟ್ಟಿಸುತ್ತಾರೆ. ಈ ಔಷಧವನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನಶಾಸ್ತ್ರಜ್ಞರು ತಯಾರಿಸಿದರು. ಅನಂತರ ಚರ್ಮವನ್ನು ಸೀಳಿ, ಗಂಟನ್ನು ಪೊರೆಸಹಿತ ಹೊರತೆಗೆದು ಹೊಲಿಗೆ ಹಾಕುತ್ತಾರೆ. ಪೊರೆ ಉಳಿಯದಿದ್ದರೆ ಗಂಟು ಮರಳಿ ಬರುವುದು ಕಡಮೆ. ಕೊಳವೆಯಿಂದ ಕೊಬ್ಬನ್ನು ಹೀರುವ ಕ್ರಮವೂ ಇದೆ. ಅದರಲ್ಲಿ ಕಲೆ ಚಿಕ್ಕದು, ಆದರೆ ಪೊರೆ ಉಳಿದು ಗಂಟು ಮತ್ತೆ ಬೆಳೆಯುವ ಸಂಭವ ಹೆಚ್ಚು. ತೆಗೆದ ಗಂಟನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಆ ವರದಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ಆಸ್ಪತ್ರೆಯಲ್ಲಿ ಮಲಯಾಳ ಮಾತ್ರ ಬಲ್ಲ ದಾದಿಯರಿದ್ದರೆ, ಗಂಟಿಗೆ ‘ಮುಳ’, ಕೊಬ್ಬಿಗೆ ‘ಕೊಳುಪ್ಪು’ ಎಂದರೆ ಅರ್ಥವಾಗುತ್ತದೆ.

ಮಾಡಬಾರದ್ದು

ಗಂಟಿನ ಮೇಲೆ ಸುಣ್ಣ, ಗೇರುಬೀಜದ ಸಿಪ್ಪೆಯ ಎಣ್ಣೆ ಮುಂತಾದವನ್ನು ಹಚ್ಚುವವರಿದ್ದಾರೆ. ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವವರೂ ಇದ್ದಾರೆ. ಇವೆಲ್ಲ ಚರ್ಮವನ್ನು ಸುಡುತ್ತವೆಯೇ ಹೊರತು ಅದರ ಕೆಳಗಿರುವ ಗಂಟನ್ನು ಮುಟ್ಟುವುದಿಲ್ಲ. ಗಂಟು ಹಾಗೆಯೇ ಉಳಿದು, ಮೇಲೊಂದು ಹುಣ್ಣು ಸೇರುತ್ತದೆ. ಸಕ್ಕರೆ ಕಾಯಿಲೆಯಿದ್ದವರಿಗೆ ಆ ಹುಣ್ಣು ಬೇಗ ಮಾಯುವುದಿಲ್ಲ. ಹಿಚುಕುವುದು, ಬ್ಲೇಡಿನಿಂದ ಕೊಯ್ಯುವುದು, ಸೂಜಿಯಿಂದ ಚುಚ್ಚುವುದು ಇನ್ನೂ ಅಪಾಯ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ಇಂಥ ಗಂಟಿದ್ದರೆ, ಅದು ಎಷ್ಟು ವರ್ಷದಿಂದ ಇದೆ, ಈಚೆಗೆ ಬೆಳೆದಿದೆಯೇ, ನೋಯುತ್ತದೆಯೇ ಎಂದು ಮೆಲ್ಲಗೆ ಕೇಳಿ ನೋಡಿರಿ. ಸಂಶಯ ಬಂದರೆ ತಂದೆತಾಯಿಯರಿಗೆ ತಿಳಿಸಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅತಿಯಾದ ಅಂಜಿಕೆಯೂ ಬೇಡ, ಅಲಕ್ಷ್ಯವೂ ಬೇಡ. ಗಂಟನ್ನು ಮುಚ್ಚಿಡದೆ ತೋರಿಸಿದವರಿಗೆ ಹೆಚ್ಚಿನ ಸಂದರ್ಭಗಳಲ್ಲಿ ಸಿಗುವುದು ಒಂದೇ ಉತ್ತರ: "ಹೆದರಬೇಡಿ, ಇದು ಬರಿಯ ಕೊಬ್ಬು."