ಚಳಿಗಾಲದಲ್ಲಿ ಹಿತ್ತಿಲ ರಕ್ಷಣೆ

ಕಾರ್ತಿಕದ ತುಳಸೀಪೂಜೆ ಮುಗಿದೊಡನೆ ನಮ್ಮಲ್ಲಿ ಅನೇಕರು ಹಿತ್ತಿಲನ್ನು ಮರೆತುಬಿಡುವುದುಂಟು. ಮಳೆ ನಿಂತಿತು, ಬೇಸಗೆಯಿನ್ನೂ ದೂರ. ಗಿಡಗಳಿಗೆ ಈಗ ಯಾವ ಆಪತ್ತು ಎಂಬುದೇ ನಮ್ಮ ಭಾವನೆ. ಈ ಉದಾಸೀನತೆಯ ಫಲವನ್ನು ನಾವೂ ಅನುಭವಿಸಿದ್ದೇವೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಒಂದು ವರ್ಷ ಕಾರ್ತಿಕದಲ್ಲಿ ಪೂಜೆಗೊಂಡ ತುಳಸಿಯು ಸಂಕ್ರಾಂತಿಯ ವೇಳೆಗೆ ಬರಿಯ ಕಡ್ಡಿಯಾಗಿ ನಿಂತಿತ್ತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 1884ನೆಯ ಇಸವಿ ಜನವರಿ 13ರಂದು ಇಲ್ಲಿಯ ಶೀತವು 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಉದಕಮಂಡಲದಂತೆ ಇಲ್ಲಿ ನೀರು ಹೆಪ್ಪುಗಟ್ಟದು, ನಿಜ. ಆದರೆ ಮೋಡವಿಲ್ಲದ ರಾತ್ರಿಗಳಲ್ಲಿ ನೆಲದ ಕಾವು ಹಾರಿಹೋಗುವುದು. ಹಗಲಿನ ಒಣಗಾಳಿಯು ಮಣ್ಣಿನ ತೇವವನ್ನು ಹೀರುವುದು. ಗಿಡಕ್ಕೆ ಈ ಎರಡೂ ಶತ್ರುಗಳೇ.

ಇದಕ್ಕೆ ಪರಿಹಾರವು ಗಿಡಮರಗಳ ಬುಡದಲ್ಲಿಯೇ ಉದುರಿ ಬಿದ್ದಿರುತ್ತದೆ. ಅದೇ ತರಗೆಲೆ. ನಾವೋ ಅದನ್ನು ದಿನವೂ ಗುಡಿಸಿ ಬೆಂಕಿಯಿಡುತ್ತೇವೆ. ಮಗುವಿನ ಹೊದಿಕೆಯನ್ನು ಸುಟ್ಟು ನಾವು ಮೈ ಕಾಯಿಸಿಕೊಂಡಂತಾಯಿತು! ಆ ಹೊಗೆಯು ಚಳಿಯ ಮುಂಜಾವಿನಲ್ಲಿ ಮೇಲೇರದೆ ಮಕ್ಕಳ ಮತ್ತು ವೃದ್ಧರ ಉಸಿರನ್ನೂ ಕಟ್ಟಿಸುವುದು. ಇದರ ಬದಲು ತರಗೆಲೆಯನ್ನು ಗಿಡದ ಸುತ್ತ ಮೂರು ನಾಲ್ಕು ಬೆರಳು ದಪ್ಪವಾಗಿ ಹರಡತಕ್ಕದ್ದು. ಕಾಂಡಕ್ಕೆ ಮಾತ್ರ ತಾಗಿಸಕೂಡದು. ಗೇಣಗಲ ಬಿಡದಿದ್ದರೆ ಗೆದ್ದಲು ಹತ್ತೀತು, ಬುಡ ಕೊಳೆತೀತು. ಮುಂದಿನ ಮಳೆಗಾಲದ ಹೊತ್ತಿಗೆ ಈ ಹೊದಿಕೆಯೇ ಗೊಬ್ಬರವಾಗುವುದು.

ನೀರನ್ನು ಬಿಸಿಲೇರುವಾಗ ಬುಡಕ್ಕೆ ಮಾತ್ರ ಹಾಕಬೇಕು. ಸಂಜೆ ಎಲೆಗಳನ್ನು ನೆನೆಸಿದರೆ ಅವು ರಾತ್ರಿಯೆಲ್ಲ ಒದ್ದೆಯಾಗಿಯೇ ಇದ್ದು ರೋಗಕ್ಕೆ ಎಡೆಯಾಗುವುದು. ತುಳಸಿಯ ಒಣಗಿದ ಕದಿರುಗಳನ್ನು ಚಿವುಟಿ, ಕುಂಡವಾದರೆ ಎಳೆಬಿಸಿಲು ಬೀಳುವೆಡೆಗೆ ಸರಿಸಬೇಕು. ಕಟ್ಟೆಯಲ್ಲಿದ್ದರೆ ರಾತ್ರಿ ತೆಳುಬಟ್ಟೆ ಹೊದಿಸಿ, ಬೆಳಗಾದೊಡನೆ ತೆಗೆಯಬೇಕು. ಗುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ಸವರಿದರೆ ಬೇಸಗೆಗೆ ಹೂವು ಹೇರಳ. ಫಲಕ್ಕೆ ಬಂದ ಮಾವಿಗಾದರೋ ಹೂ ಕಚ್ಚುವವರೆಗೆ ನೀರು ಬೇಡ. ಕರಿಬೇವು ಚಿಗುರದಿದ್ದರೆ ಸತ್ತಿತೆಂದು ಕೀಳಬೇಡಿ, ಅದು ವಿಶ್ರಮಿಸುತ್ತಿದೆ.

ಈಗ ನಮ್ಮ ಮನೆಯಲ್ಲಿ ತರಗೆಲೆಗೆ ಬೆಂಕಿ ಹಚ್ಚುವುದಿಲ್ಲ. ಹೊಸದಾಗಿ ನೆಟ್ಟ ತುಳಸಿಯು ಅದೇ ಕಟ್ಟೆಯಲ್ಲಿ ಎರಡು ಚಳಿಗಾಲಗಳನ್ನು ದಾಟಿದೆ. ಪೂಜೆಯು ಒಂದು ದಿನದ್ದು, ಪೋಷಣೆಯು ವರ್ಷದ್ದು ಎಂಬುದನ್ನು ಅದು ನಮಗೆ ಕಲಿಸಿತು.